ಕೆಲಸಕ್ಕೆ ಹಚ್ಚುವುದು, ಕೆಲಸದಲ್ಲಿ ನಿಲ್ಲಿಸುವುದು



ಈ ಉಪನ್ಯಾಸದ ದತ್ತಿಯನ್ನು ಇಟ್ಟ ತಾಯಿ ಇವತ್ತು ಸಭೆಗೆ ಬಂದಿಲ್ಲ. ಕರೆಯಲು ಹೋದಾಗ ‘ಭಾಷಣ ಎಷ್ಟಕ್ಕ?’ ಎಂದಷ್ಟೇ ಕೇಳಿದರು. ಐದೂವರೆಗೆ ಎಂದೆ. ‘ಹಂಗಾದ್ರ ಆಗೂದಿಲ್ಲ ನೋಡ್ರಿ, ಆರಕ್ಕ ಅವನ ಕೆಲಸ ಬಿಡತದ’ ಅಂದರು.

ಅವರ ಮಗ ಒಂದು ಮುದ್ರಣಾಲಯದಲ್ಲಿ ಫಾರಂ ಮಡಚಿ ಪುಟ ಜೋಡಿಸುವ ಕೆಲಸ ಮಾಡುತ್ತಾನೆ. ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷವೂ ತಾಯಿ ಮಧ್ಯಾಹ್ನ ಒಂದಕ್ಕೆ ಬುತ್ತಿ ಹಿಡಿದು, ಮಾತ್ರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮುದ್ರಣಾಲಯದ ಎದುರಿನ ಕಟ್ಟೆಗೆ ಬಂದು ಕೂರುತ್ತಾರೆ. ಸಂಜೆ ಆರಕ್ಕೆ ಮತ್ತೆ ಬರುತ್ತಾರೆ. ಮಾಲೀಕರಿಗೆ ಏನಾದರೂ ಹೇಳುವುದಿದ್ದರೆ ರಸ್ತೆ ದಾಟಿ ಬಂದು ಇವರಿಗೆ ಹೇಳುತ್ತಾರೆ. ‘ಇವತ್ತು ಯಾಕೋ ಒಬ್ಬನ ಮಾತಾಡಲಿಕ್ಕತ್ತಾನ್ರಿ’ ಎಂದರೆ ಇವರು ಮರುದಿನವೇ ಆಸ್ಪತ್ರೆಯ ಚೀಟಿ ಮಾಡಿಸುತ್ತಾರೆ. ‘ಹಬ್ಬದ ಆರ್ಡರ್ ಬಂದದ, ರಾತ್ರಿ ಎಂಟರ ತನಕ ಇರಬೇಕಾಗತದ’ ಎಂದರೆ, ನಿದ್ದೆ ಕೆಟ್ಟರೆ ಏನಾಗುತ್ತದೆ ಎಂದು ಇವರು ವಿವರಿಸುತ್ತಾರೆ. ಇವರು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವರು. ನಿವೃತ್ತಿಯಲ್ಲಿ ಬಂದ ಹಣದ ಒಂದು ಭಾಗವನ್ನು ಇಡುಗಂಟಾಗಿಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಲಿ, ಉಳಿದದ್ದು ಮನೋರೋಗವಿರುವ ಇಂಥ ಮಕ್ಕಳ ಕೆಲಸಕ್ಕೆ ಆಗಲಿ ಎಂದರು. ದತ್ತಿಗೆ ತಮ್ಮ ಹೆಸರು ಬೇಡ ಎಂದದ್ದು ಮಗನ ಸಲುವಾಗಿ.

ಆ ಕಟ್ಟೆಯ ಮೇಲೆ ಕುಳಿತು ಆ ತಾಯಿ ಮಾಡುವುದಕ್ಕೆ ಜಗತ್ತಿನ ಬೇರೆ ಕಡೆ ಒಂದು ವೃತ್ತಿಯ ಹೆಸರಿದೆ. ಅದಕ್ಕೆ ಸಂಬಳವಿದೆ, ಅದರ ಮೇಲೆ ಮೂವತ್ತು ವರ್ಷಗಳ ಸಂಶೋಧನೆಯಿದೆ. ಇಂಗ್ಲಿಷಿನಲ್ಲಿ ಸಪೋರ್ಟೆಡ್ ಎಂಪ್ಲಾಯ್‌ಮೆಂಟ್ ಎನ್ನುತ್ತಾರೆ, ನಾವು ಬೆಂಬಲಿತ ಉದ್ಯೋಗ ಎನ್ನಬಹುದು. ಆ ಬೆಂಬಲದ ಖರ್ಚನ್ನು ಯಾರು ಕೊಡಬೇಕು ಎಂಬುದೇ ಇವತ್ತಿನ ನನ್ನ ವಿಷಯ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಾಗಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನನಗನಿಸುವುದು ಇದು: ನಮ್ಮಲ್ಲಿ ಹಾಸಿಗೆಗೆ ಹಣವಿದೆ, ಮಾತ್ರೆಗೆ ಹಣವಿದೆ, ತರಬೇತಿಗೂ ಒಂದಿಷ್ಟು ಇದೆ. ಕೆಲಸ ಸಿಕ್ಕ ಮರುದಿನದಿಂದ ಜೊತೆಗಿರುವ ಮನುಷ್ಯನಿಗೆ ಮಾತ್ರ ಯಾವ ಲೆಕ್ಕದ ಶೀರ್ಷಿಕೆಯಲ್ಲೂ ಜಾಗವಿಲ್ಲ.

ನಮ್ಮ ಕಡೆ ರೋಗಿಗಳ ಮನೆಯವರು ಬಂದು ಹೇಳುವುದು ‘ಎಲ್ಲಾದ್ರೂ ಕೆಲಸಕ್ಕ ಹಚ್ಚಿ ಕೊಡ್ರಿ’ ಎಂದು. ಹಚ್ಚುವುದು, ದೀಪ ಹಚ್ಚಿದ ಹಾಗೆ, ಒಂದು ಗಳಿಗೆಯ ಕೆಲಸ. ಎಣ್ಣೆ ನೋಡುತ್ತ ಇರುವುದು ಬೇರೆಯೇ ಕೆಲಸ. ನಾನೇ ಎಷ್ಟೋ ಜನರನ್ನು ಕೆಲಸಕ್ಕೆ ಹಚ್ಚಿದ್ದೇನೆ. ನಿಂತವರು ಎಷ್ಟು ಎಂದು ಲೆಕ್ಕ ಹಾಕಲು ಹೋದರೆ ಎದೆ ಭಾರವಾಗುತ್ತದೆ.

ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇನೆ, ಗುರುತು ಸಿಗದಂತೆ. ಸ್ಕಿಜೋಫ್ರೇನಿಯಾ ಬಂದು ಎಂಟು ವರ್ಷವಾಗಿತ್ತು, ಮಾತ್ರೆ ತಪ್ಪಿಸುತ್ತಿರಲಿಲ್ಲ. ಒಂದು ರೊಟ್ಟಿ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಕೈ ಬಹಳ ಚುರುಕು. ತೆಳ್ಳಗಿನ ಕಡಕ್ ರೊಟ್ಟಿ ಅವಳಂತೆ ಬಡಿಯುವವರು ಅಲ್ಲಿ ಇಬ್ಬರೇ ಇದ್ದರು. ಮೊದಲ ತಿಂಗಳ ಪಗಾರ ತಂದು ಅವ್ವನ ಕೈಗಿಟ್ಟಳು. ಎರಡನೆಯ ತಿಂಗಳೂ ಚೆನ್ನಾಗಿ ಹೋಯಿತು. ಮೂರನೆಯ ತಿಂಗಳು ಹೊಸದಾಗಿ ಬಂದ ಒಬ್ಬಾಕೆ ಇಡೀ ದಿನ ರೇಡಿಯೊ ಹಚ್ಚಿಡತೊಡಗಿದಳು. ಇವಳಿಗೆ ರೇಡಿಯೊದ ದನಿ ಯಾವುದು, ಒಳಗಿನಿಂದ ಕೇಳುವ ದನಿ ಯಾವುದು ಎಂಬುದು ಮಸುಕಾಯಿತು. ಒಂದು ದಿನ ಎದ್ದು ಹೋಗಿ ರೇಡಿಯೊ ಎಸೆದಳು. ಅವತ್ತೇ ಕೆಲಸದಿಂದ ತೆಗೆದರು. ಒಡತಿ ಕೆಟ್ಟವರಲ್ಲ, ಅವರಿಗೆ ನಿಜವಾಗಿ ಹೆದರಿಕೆಯಾಗಿತ್ತು. ನನಗೆ ವಿಷಯ ಗೊತ್ತಾದದ್ದು ಐದು ವಾರದ ನಂತರ, ಅವಳು ಮಾತ್ರೆ ಬಿಟ್ಟು ಮತ್ತೆ ವಾರ್ಡಿಗೆ ಸೇರಿದಾಗ. ಆಗ ಹೋಗಿ ಒಡತಿಯನ್ನು ಕೇಳಿದೆ: ‘ಒಲೆ ಬದಲಿಸಿ, ಹಿಂದಿನ ಬಾಗಿಲ ಹತ್ತಿರ ಕೂರಿಸಿದ್ದರೆ?’ ಅವರು ಅಂದದ್ದು, ‘ಯಾರಾದ್ರೂ ಹೇಳಿದ್ರ ಕೂರಸ್ತಿದ್ದೆ. ಯಾರು ಹೇಳಬೇಕಿತ್ತು?’

ನಾನು ಹೇಳಬೇಕಿತ್ತು. ಆದರೆ ಅವಳಿಗೆ ಕೆಲಸ ಸಿಕ್ಕ ದಿನವೇ ನಮ್ಮ ವರದಿಯಲ್ಲಿ ಅವಳ ಹೆಸರಿನ ಮುಂದೆ ‘ಪುನರ್ವಸತಿ ಹೊಂದಿದವರು’ ಎಂದು ಬರೆದು ಕಡತ ಮುಚ್ಚಿಯಾಗಿತ್ತು. ನಮಗೆ ಹಣ ಕೊಡುವವರು ಕೇಳಿದ್ದು ಅಷ್ಟೇ.

ಇನ್ನೊಬ್ಬನಿದ್ದಾನೆ, ಬಿ.ಕಾಂ. ಓದಿದವನು, ಬೈಪೋಲಾರ್ ಕಾಯಿಲೆ. ಅವನ ಬಳಿ ಐದು ಸರ್ಟಿಫಿಕೇಟುಗಳಿವೆ: ಮೇಣದಬತ್ತಿ, ಅಗರಬತ್ತಿ, ಕಾಗದದ ಕವರು, ಫಿನಾಯಿಲ್, ಹೊಲಿಗೆ. ಐದನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲಿ ಜೋಪಾನವಾಗಿಟ್ಟಿದ್ದಾನೆ. ಒಂದರಿಂದಲೂ ಒಂದು ರೂಪಾಯಿ ಸಂಬಳ ಬಂದಿಲ್ಲ. ಅವನಿಗೆ ಬೇಕಾದದ್ದು ಲೆಕ್ಕ ಬರೆಯುವ ಕೆಲಸ. ‘ನನಗ ಏನ್ ಬೇಕಂತ ಯಾರೂ ಕೇಳಲೇ ಇಲ್ಲ ಸರ್’ ಎಂದು ಒಮ್ಮೆ ಹೇಳಿದ. ಮೊದಲು ತರಬೇತಿ, ಆಮೇಲೆ ಕೆಲಸ ಎಂಬ ಕ್ರಮ ಕೇಳಲು ಬಹಳ ಸರಿಯಾಗಿ ಕಾಣುತ್ತದೆ. ಮನೋರೋಗದ ವಿಷಯದಲ್ಲಿ ಆ ‘ಆಮೇಲೆ’ ಬರುವುದೇ ಅಪರೂಪ. ಇಂಥವರಲ್ಲಿ ಬಹಳ ಜನ ಕಾಯಿಲೆಗೆ ಮುಂಚೆ ಕಲಿತ ಕಸುಬನ್ನು ಮರೆತಿರುವುದಿಲ್ಲ. ಅವರಿಗೆ ಕಷ್ಟವಾಗುವುದು ಬೆಳಿಗ್ಗೆ ಎಂಟಕ್ಕೆ ಮಾತ್ರೆಯ ಮಂಪರಿನಿಂದ ಏಳುವುದು, ಊಟದ ಬಿಡುವಿನಲ್ಲಿ ನಾಲ್ಕು ಜನರ ನಡುವೆ ಕೂರುವುದು, ಮೇಸ್ತ್ರಿ ಗದರಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಮರುದಿನ ಮತ್ತೆ ಹೋಗುವುದು. ಇವು ತರಬೇತಿ ಕೇಂದ್ರದಲ್ಲಿ ಕಲಿಯುವಂಥವಲ್ಲ. ಕೆಲಸದ ಜಾಗದಲ್ಲೇ, ಆ ಮೇಸ್ತ್ರಿಯ ಎದುರೇ ಕಲಿಯಬೇಕು.

ಹಾಗಿದ್ದರೂ ಎಲ್ಲ ಸಂಸ್ಥೆಗಳೂ ತರಬೇತಿಯನ್ನೇ ಏಕೆ ನಡೆಸುತ್ತವೆ? ಹಣ ಆ ದಾರಿಯಲ್ಲಿ ಹರಿಯುತ್ತದೆ, ಅದಕ್ಕೆ. ಕೇಂದ್ರದ ಕೌಶಲ ಯೋಜನೆ ಪಿಎಂಕೆವಿವೈಯ 2016–20ರ ಹಂತವನ್ನೇ ನೋಡಿ. ತರಬೇತಿ ಶುರುವಾದಾಗ ನೂರಕ್ಕೆ 30 ಭಾಗ, ಪರೀಕ್ಷೆ ಮುಗಿದು ಪ್ರಮಾಣಪತ್ರ ಬಂದಾಗ 50, ಉದ್ಯೋಗ ಸಿಕ್ಕಿತೆಂದು ತೋರಿಸಿದಾಗ ಉಳಿದ 20. ಎಲ್ಲರಿಗಾಗಿ ಮಾಡಿದ ಯೋಜನೆ ಅದು, ಅದರ ಉದ್ದೇಶವನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ನಮ್ಮವರ ಕಷ್ಟ ಶುರುವಾಗುವುದು ಆ ಕೊನೆಯ 20 ಭಾಗ ಸಂದಾಯವಾದ ನಂತರ.

ಇದು ನಮ್ಮ ದೇಶದ್ದಷ್ಟೇ ಕಥೆಯಲ್ಲ. ಬೆಂಬಲಿತ ಉದ್ಯೋಗಕ್ಕೆ ಮೊದಲು ಕಾನೂನಿನಲ್ಲಿ ಹಣ ಇಟ್ಟವರು ಅಮೆರಿಕದವರು. 1986ರಲ್ಲಿ ಅಲ್ಲಿನ ಪುನರ್ವಸತಿ ಕಾಯ್ದೆಗೆ ತಿದ್ದುಪಡಿ ತಂದು ಇದಕ್ಕಾಗಿ ರಾಜ್ಯಗಳಿಗೆ ಅನುದಾನ ಕೊಟ್ಟರು. ಜೊತೆಗೆ ಒಂದು ಗಡುವನ್ನೂ ಹಾಕಿದರು, 18 ತಿಂಗಳು. ಅಷ್ಟರ ನಂತರದ ಬೆಂಬಲಕ್ಕೆ ಬೇರೆ ಯಾರಾದರೂ ಹಣ ಹುಡುಕಬೇಕು. 2014ರ ಕಾಯ್ದೆಯಲ್ಲಿ ಗಡುವು 24 ತಿಂಗಳಾಯಿತು. ಅಲ್ಲಿನ ಪುನರ್ವಸತಿ ಇಲಾಖೆಯ ಪದ್ಧತಿಯಲ್ಲಿ ಒಬ್ಬ ವ್ಯಕ್ತಿ 90 ದಿನ ಕೆಲಸದಲ್ಲಿ ನಿಂತರೆ ಕಡತವನ್ನು ಯಶಸ್ಸು ಎಂದು ಮುಚ್ಚಬಹುದಾಗಿತ್ತು. ಬಡವರ ವೈದ್ಯಕೀಯ ವಿಮೆಯಾದ ಮೆಡಿಕೇಡ್ ಕಾಯಿಲೆಯ ಆರೈಕೆಗೆ ಹಣ ಕೊಡುತ್ತದೆ, ಆದರೆ ಉದ್ಯೋಗ ಹುಡುಕಿಕೊಡುವುದು ಆರೈಕೆ ಅಲ್ಲ ಎಂಬುದು ಅದರ ಹಳೆಯ ನಿಲುವು. ಹೀಗಾಗಿ ಒಬ್ಬನೇ ಕಾರ್ಯಕರ್ತ ಬಸ್ಸಿನಲ್ಲಿ ಕುಳಿತು ರೋಗಿಯ ಜೊತೆ ಗಾಬರಿಯ ಬಗ್ಗೆ ಮಾತಾಡಿದರೆ ಒಂದು ಖಾತೆ, ಬಸ್ಸಿಳಿದು ಮಾಲೀಕನ ಜೊತೆ ಮಾತಾಡಿದರೆ ಇನ್ನೊಂದು ಖಾತೆ. ದಿನವನ್ನು ಹೀಗೆ ಕತ್ತರಿಸಲು ಆಗದ ಸಣ್ಣ ಸಂಸ್ಥೆಗಳಿಗೆ ಮಾಲೀಕನ ಜೊತೆ ಮಾತಾಡುವುದನ್ನು ಬಿಡುವುದೇ ಸುಲಭವಾಗುತ್ತದೆ.

ಅದೇ ದೇಶದ ನ್ಯೂ ಹ್ಯಾಂಪ್‌ಶೈರ್ ಎಂಬ ಸಣ್ಣ ರಾಜ್ಯದಲ್ಲಿ ರಾಬರ್ಟ್ ಡ್ರೇಕ್ ಎಂಬ ಮನೋವೈದ್ಯರೂ ಡೆಬೊರಾ ಬೆಕರ್ ಎಂಬ ಪುನರ್ವಸತಿ ತಜ್ಞೆಯೂ ಸೇರಿ 1990ರ ದಶಕದ ಆರಂಭದಲ್ಲಿ ಕ್ರಮವನ್ನು ತಿರುಗಿಸಿದರು. ಮೊದಲು ಕೆಲಸ, ಆಮೇಲೆ ಅಲ್ಲೇ ಕಲಿಕೆ. ಅವರ ಪದ್ಧತಿಗೆ ಐಪಿಎಸ್ ಎಂದು ಹೆಸರು. ಕೆಲಸ ಬೇಕು ಎಂದ ಯಾರನ್ನೂ ‘ನೀನಿನ್ನೂ ಸಿದ್ಧನಾಗಿಲ್ಲ’ ಎಂದು ಹಿಂದೆ ಕಳಿಸುವಂತಿಲ್ಲ. ಹುಡುಕುವುದು ಎಲ್ಲರಂಥದೇ ಸಂಬಳದ, ಆ ವ್ಯಕ್ತಿಗೆ ಇಷ್ಟವಾದ ಕೆಲಸ. ಉದ್ಯೋಗದ ಜೊತೆಗಾರ ಆಸ್ಪತ್ರೆಯ ತಂಡದ ಒಳಗೇ ಇರಬೇಕು, ಒಬ್ಬನ ಕೈಯಲ್ಲಿ ಸುಮಾರು ಇಪ್ಪತ್ತಕ್ಕಿಂತ ಹೆಚ್ಚು ಜನ ಇರಬಾರದು. ಬೆಂಬಲಕ್ಕೆ ಮಾತ್ರ ಗಡುವಿಲ್ಲ, ಆ ವ್ಯಕ್ತಿಗೆ ಬೇಕಿರುವಷ್ಟು ದಿನ.

ಯುರೋಪಿನವರು ಇದನ್ನು ಪರೀಕ್ಷಿಸಿ ನೋಡಿದರು. ಲಂಡನ್, ಉಲ್ಮ್, ರಿಮಿನಿ, ಜ್ಯೂರಿಕ್, ಗ್ರೊನಿಂಗನ್, ಸೋಫಿಯಾ ಎಂಬ ಆರು ಊರುಗಳಲ್ಲಿ ತೀವ್ರ ಮನೋರೋಗವಿದ್ದ 312 ಜನ. ಅರ್ಧ ಜನರಿಗೆ ಈ ಪದ್ಧತಿ, ಉಳಿದವರಿಗೆ ಆಯಾ ಊರಿನ ಉತ್ತಮ ತರಬೇತಿ ಕೇಂದ್ರ. ಹದಿನೆಂಟು ತಿಂಗಳ ನಂತರ ನೋಡಿದರೆ, ಮೊದಲ ಗುಂಪಿನಲ್ಲಿ ನೂರಕ್ಕೆ 55 ಜನ ಕೆಲಸ ಕಂಡಿದ್ದರು, ಎರಡನೆಯದರಲ್ಲಿ 28. ಟಾಮ್ ಬರ್ನ್ಸ್ ಮತ್ತು ಸಂಗಡಿಗರು 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ನನ್ನ ಕಣ್ಣು ನಿಂತದ್ದು ಇನ್ನೊಂದು ಅಂಕಿಯ ಮೇಲೆ. ಮತ್ತೆ ಆಸ್ಪತ್ರೆ ಸೇರಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 20, ಎರಡನೆಯದರಲ್ಲಿ 31. ಕೆಲಸದ ಒತ್ತಡದಿಂದ ಕಾಯಿಲೆ ಮರುಕಳಿಸುತ್ತದೆ ಎಂದು ನಾವು ಎಷ್ಟು ಜನರನ್ನು ಮನೆಯಲ್ಲೇ ಕೂರಿಸಿಲ್ಲ! ನಾನೂ ಹಾಗೆ ಸಲಹೆ ಕೊಟ್ಟವನೇ.

ನ್ಯೂ ಹ್ಯಾಂಪ್‌ಶೈರ್‌ನ ಒಂದು ಕೇಂದ್ರ ಮಾಡಿದ್ದನ್ನೂ ಇಲ್ಲಿ ಹೇಳಬೇಕು. ಅವರು ಹೊಸ ಹಣಕ್ಕೆ ಕಾಯಲಿಲ್ಲ. ಹಗಲು ಆರೈಕೆ ಕೇಂದ್ರವನ್ನು ನಿಲ್ಲಿಸಿ, ಅದೇ ಸಿಬ್ಬಂದಿಯನ್ನು ಉದ್ಯೋಗದ ಜೊತೆಗಾರರನ್ನಾಗಿ ಮಾಡಿದರು. ಕೆಲಸ ಕಂಡವರ ಸಂಖ್ಯೆ ಏರಿತು, ಆಸ್ಪತ್ರೆ ಸೇರುವುದು ಏರಲಿಲ್ಲ. ಆದರೆ ಕೆಲವರು ಹಗಲು ಕೇಂದ್ರದ ಗೆಳೆತನ, ಒಟ್ಟಿಗೆ ಕುಡಿಯುತ್ತಿದ್ದ ಚಹಾ ಹೋಯಿತಲ್ಲ ಎಂದು ನೊಂದುಕೊಂಡರು. ನಮ್ಮ ರಾಜ್ಯ ಜಿಲ್ಲೆಗಳಲ್ಲಿ ‘ಮಾನಸಧಾರ’ ಎಂಬ ಹಗಲು ಆರೈಕೆ ಕೇಂದ್ರಗಳಿಗೆ ಹಣ ಕೊಡುತ್ತದೆ. ಅವುಗಳನ್ನು ಮುಚ್ಚಿ ಎಂದು ನಾನು ಹೇಳುವುದಿಲ್ಲ, ಆ ಚಹಾ ಬೇಕು. ಆದರೆ ಅಲ್ಲಿಂದ ದಿನಾ ಬೆಳಿಗ್ಗೆ ಹೊರಗೆ ಹೊರಟು ಅಂಗಡಿ, ಗ್ಯಾರೇಜು, ಖಾನಾವಳಿ ಸುತ್ತುವ ಒಬ್ಬರಾದರೂ ಆ ಸಿಬ್ಬಂದಿ ಪಟ್ಟಿಯಲ್ಲಿ ಇರಬೇಕು.

ನಮ್ಮ ಕಾನೂನುಗಳು ಏನು ಹೇಳುತ್ತವೆ? 1995ರ ಅಂಗವಿಕಲರ ಕಾಯ್ದೆ ಮನೋರೋಗವನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು, ಆದರೆ ಉದ್ಯೋಗದ 3 ಪ್ರತಿಶತ ಮೀಸಲಾತಿಯನ್ನು ಅಂಧರು, ಶ್ರವಣದೋಷವುಳ್ಳವರು, ಚಲನವೈಕಲ್ಯವುಳ್ಳವರಿಗೆ ಮಾತ್ರ ಹಂಚಿತು. ಹೆಸರು ಕರೆದು ಎಲೆ ಹಾಕದ ಹಾಗಾಯಿತು. ಇಪ್ಪತ್ತೊಂದು ವರ್ಷಗಳ ನಂತರ, 2016ರ ಕಾಯ್ದೆಯಲ್ಲಿ ಮೀಸಲಾತಿ 4 ಪ್ರತಿಶತವಾಗಿ, ಅದರಲ್ಲಿ 1 ಪ್ರತಿಶತ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮನೋರೋಗ, ಬಹುವೈಕಲ್ಯ ಎಲ್ಲಕ್ಕೂ ಸೇರಿ ಸಿಕ್ಕಿತು. ಕೆಲಸದಲ್ಲಿರುವಾಗ ಕಾಯಿಲೆ ಬಂದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ಒಬ್ಬ ಅಧಿಕಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮನೋರೋಗಕ್ಕೆ ಸಂಬಂಧಿಸಿದ ವರ್ತನೆಗಾಗಿ ಶಿಸ್ತುಕ್ರಮ ಹೂಡುವುದು ತಾರತಮ್ಯದ ಒಂದು ಬಗೆ ಎಂದು ತೀರ್ಪು ನೀಡಿತು. ಈ ತೀರ್ಪು ಓದಿದ ದಿನ ನನಗೆ ನಿಜವಾಗಿ ಸಂತೋಷವಾಯಿತು. ಆದರೆ ಇವೆಲ್ಲ ಸರ್ಕಾರಿ ನೌಕರಿಯ ಸುತ್ತಲಿನ ಮಾತು. ರೊಟ್ಟಿ ಕೇಂದ್ರದವರೆಗೆ ಇವು ತಲುಪುವುದಿಲ್ಲ.

ಖಾಸಗಿಯವರಿಗಾಗಿ ಕೇಂದ್ರ ಸರ್ಕಾರ 2008ರಲ್ಲಿ ಒಂದು ಪ್ರೋತ್ಸಾಹ ಯೋಜನೆ ತಂದಿತು. ಅಂಗವಿಕಲರನ್ನು ನೇಮಿಸಿಕೊಂಡರೆ ಮಾಲೀಕರ ಪಾಲಿನ ಭವಿಷ್ಯನಿಧಿ ಮತ್ತು ಇಎಸ್‌ಐ ಕಂತನ್ನು ಆರಂಭದಲ್ಲಿ ಮೂರು ವರ್ಷ ಸರ್ಕಾರ ಕಟ್ಟುತ್ತಿತ್ತು. ಆಗ ಸಂಬಳದ ಮಿತಿ ತಿಂಗಳಿಗೆ 25,000 ರೂಪಾಯಿ ಇತ್ತು. ಯೋಚನೆ ಒಳ್ಳೆಯದೇ. ಆದರೆ ಭವಿಷ್ಯನಿಧಿಯ ಪುಸ್ತಕವೇ ಇಲ್ಲದ ಅಂಗಡಿಗೆ ಇದರಿಂದ ಏನೂ ಇಲ್ಲ, ಪುಸ್ತಕ ಇರುವ ಕಾರ್ಖಾನೆಗೂ ಭಯವಿರುವುದು ಕಂತಿನದ್ದಲ್ಲ. ಮಧ್ಯಾಹ್ನ ಮೂರು ಗಂಟೆಗೆ ಈ ಮನುಷ್ಯ ಗೋಡೆ ನೋಡುತ್ತ ನಿಂತುಬಿಟ್ಟರೆ ಯಾರಿಗೆ ಫೋನ್ ಮಾಡಲಿ ಎಂಬುದೇ ಅವರ ಭಯ. ಕಂತು ಕಟ್ಟುವುದರಿಂದ ಆ ಭಯ ಹೋಗುವುದಿಲ್ಲ.

ಕಂಪನಿಗಳ ಸಿಎಸ್‌ಆರ್ ಹಣದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಮ್ಮಂಥವರನ್ನು ಎಲ್ಲರೂ ಅತ್ತ ಕೈ ತೋರಿಸಿ ಕಳಿಸುತ್ತಾರೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ 2 ಪ್ರತಿಶತ ಸಮಾಜಕ್ಕೆ ವೆಚ್ಚ ಮಾಡಬೇಕು. ಅಂಗವಿಕಲರ ಉದ್ಯೋಗ ಕೌಶಲ, ಜೀವನೋಪಾಯ ಎರಡೂ ಅದರ ಪಟ್ಟಿಯಲ್ಲಿವೆ. ಆದರೆ ಬಹುವರ್ಷದ ಯೋಜನೆಗೆ, ಶುರುವಾದ ವರ್ಷ ಬಿಟ್ಟು, ಮೂರು ವರ್ಷದ ಮಿತಿಯಿದೆ. 2021ರ ಜನವರಿಯ ತಿದ್ದುಪಡಿಯ ನಂತರ ಯಾವುದೇ ಸಂಸ್ಥೆಯ ಇಡುಗಂಟಿಗೆ ಈ ಹಣ ಕೊಡುವಂತಿಲ್ಲ. ಹಣ ದುರುಪಯೋಗವಾಗದಿರಲಿ ಎಂದು ಮಾಡಿದ ನಿಯಮ, ಅದಕ್ಕೆ ಕಾರಣಗಳಿದ್ದವು. ಫಲ ಮಾತ್ರ ಇದು: ಒಬ್ಬ ನಿವೃತ್ತ ಶಿಕ್ಷಕಿ ಮಾಡಬಹುದಾದ ಕೆಲಸವನ್ನು, ಅಂದರೆ ಗಂಟನ್ನು ಮುಟ್ಟದೆ ಬಡ್ಡಿಯಿಂದ ವರ್ಷವರ್ಷವೂ ನಡೆಸುವುದನ್ನು, ಸಾವಿರ ಕೋಟಿ ವಹಿವಾಟಿನ ಕಂಪನಿ ಈ ಹಣದಿಂದ ಮಾಡಲಾಗದು. ಮೂರು ವರ್ಷದ ಯೋಜನೆಯಲ್ಲಿ ಮೊದಲ ವರ್ಷ ಜನರನ್ನು ಹುಡುಕುತ್ತೇವೆ, ಎರಡನೆಯ ವರ್ಷ ಮಾಲೀಕರ ನಂಬಿಕೆ ಗಳಿಸುತ್ತೇವೆ, ಮೂರನೆಯ ವರ್ಷದ ದೀಪಾವಳಿಗೆ ನಮ್ಮ ಕಾರ್ಯಕರ್ತರೇ ಬೇರೆ ನೌಕರಿ ಹುಡುಕತೊಡಗುತ್ತಾರೆ. ಸ್ಕಿಜೋಫ್ರೇನಿಯಾ ಇಪ್ಪತ್ತರ ವಯಸ್ಸಿನಲ್ಲಿ ಬಂದರೆ ಮುಂದೆ ನಲವತ್ತು ವರ್ಷದ ದುಡಿಮೆಯ ಬದುಕಿದೆ. ನಲವತ್ತು ವರ್ಷದ ದಾರಿಗೆ ಮೂರು ವರ್ಷದ ಟಿಕೆಟ್ಟು ಕೊಡುತ್ತಿದ್ದೇವೆ.

ನಡುವೆ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಮನೋರೋಗವಿದ್ದವರು ಕೆಲಸವೇ ಮಾಡುವುದಿಲ್ಲ ಎಂದು ನಗರದವರು ತಿಳಿದಿದ್ದಾರೆ. ನಿಮ್ಹಾನ್ಸ್‌ನ ವೈದ್ಯರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ, ವರ್ಷಗಟ್ಟಲೆ ಬೆನ್ನಿಗೆ ನಿಂತು ನೋಡಿದ್ದಾರೆ. ಅಲ್ಲಿ ಬಹಳಷ್ಟು ಜನ ಏನಾದರೊಂದು ಕೆಲಸ ಮಾಡುತ್ತಲೇ ಇದ್ದರು. ಮಲೆನಾಡನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಅಡಿಕೆ ಸುಲಿಯುವಾಗ ಮಾತಾಡಲೇಬೇಕೆಂದಿಲ್ಲ, ಬೆಳಿಗ್ಗೆ ಏಳಲಾಗದವನು ಹತ್ತಕ್ಕೆ ಬಂದು ಕೂತರೂ ನಡೆಯುತ್ತದೆ, ಇವತ್ತು ಅರ್ಧ ಡಬ್ಬ ಸುಲಿದರೆ ನಾಳೆ ಎರಡು. ಮನೆಯ ತೋಟವಾದರೆ ಕೇಳುವವರೂ ಇಲ್ಲ. ಕಾನೂನಿನ ಭಾಷೆಯಲ್ಲಿ ‘ಸಮಂಜಸ ಹೊಂದಾಣಿಕೆ’ ಎನ್ನುವುದನ್ನು ತೋಟದ ಮನೆ ಹೆಸರಿಲ್ಲದೆ ಮಾಡಿಕೊಂಡು ಬಂದಿದೆ.

ಆದರೆ ಅದಕ್ಕೂ ಬೆಲೆಯಿದೆ, ಅದನ್ನು ತೆರುತ್ತಿರುವವರು ಹೆಂಗಸರು. ಎಬ್ಬಿಸುವುದು, ಮಾತ್ರೆ ಕೊಡುವುದು, ಜೊತೆಗೆ ಕೂತು ಸುಲಿಯುವುದು, ನೆರೆಯವರ ಮಾತಿಗೆ ಉತ್ತರ ಕೊಡುವುದು, ಇವನ್ನೆಲ್ಲ ತಾಯಿ ಅಥವಾ ಹೆಂಡತಿ ಮಾಡುತ್ತಾಳೆ, ತನ್ನ ಕೂಲಿ ಬಿಟ್ಟು ಮಾಡುತ್ತಾಳೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಇಂಥ ಕುಟುಂಬಗಳು ಹೆಚ್ಚಾಗಿ ಚಿಕಿತ್ಸೆ ಮತ್ತು ಓಡಾಟಕ್ಕೆಂದೇ ತಿಂಗಳಿಗೆ ಸಾವಿರದಿಂದ ಸಾವಿರದೈನೂರು ರೂಪಾಯಿ ವೆಚ್ಚ ಮಾಡುತ್ತಿವೆ ಎಂದಿತು. ಹೋದ ಕೂಲಿಯ ಲೆಕ್ಕ ಅದರ ಮೇಲೆ. ಬೆಂಬಲಿತ ಉದ್ಯೋಗಕ್ಕೆ ನಮ್ಮಲ್ಲಿ ಹಣವಿಲ್ಲ ಎನ್ನುವಾಗ ನಾವು ಈ ಹಣವನ್ನು ನೋಡದೆ ಮಾತಾಡುತ್ತಿದ್ದೇವೆ. ಹಣ ಖರ್ಚಾಗುತ್ತಲೇ ಇದೆ, ಆದರೆ ಬಡವರ ಜೇಬಿನಿಂದ, ಮುದುಕಿಯರ ಆಯುಷ್ಯದಿಂದ.

ಹಾಗಾದರೆ ಒಬ್ಬ ಜೊತೆಗಾರನಿಗೆ ಎಷ್ಟು ಬೇಕು? ನನ್ನ ಅಂದಾಜಿನ ಲೆಕ್ಕ ಹೇಳುತ್ತೇನೆ, ತಿದ್ದುವವರು ತಿದ್ದಿ. ಸಂಬಳ ತಿಂಗಳಿಗೆ 25,000, ಬಸ್ಸು, ಫೋನು, ಚಹಾ ಸೇರಿ 5,000. ಒಟ್ಟು 30,000. ಇಪ್ಪತ್ತು ಜನರಿಗೆ ಹಂಚಿದರೆ ಒಬ್ಬರಿಗೆ ತಿಂಗಳಿಗೆ 1,500, ವರ್ಷಕ್ಕೆ 18,000. ಆ ಸಮೀಕ್ಷೆಯ ಹೊತ್ತಿಗೇ ಕುಟುಂಬಗಳು ಖರ್ಚು ಮಾಡುತ್ತಿದ್ದ ಮೊತ್ತದ ಆಸುಪಾಸಿನಲ್ಲೇ ಇದೆ. ಜಿಲ್ಲೆಗೆ ಇಬ್ಬರಂತೆ 31 ಜಿಲ್ಲೆಗೆ 62 ಜನರನ್ನು ಇಟ್ಟರೆ ವರ್ಷಕ್ಕೆ 2 ಕೋಟಿ 23 ಲಕ್ಷ, ಅದರಿಂದ 1,240 ಜನರ ಬೆನ್ನಿಗೆ ಒಬ್ಬರು ನಿಂತ ಹಾಗಾಗುತ್ತದೆ. ಈ ನಾಡಿಗೆ ಇದು ದೊಡ್ಡ ಮೊತ್ತವೆಂದು ನನಗನಿಸುವುದಿಲ್ಲ. ದತ್ತಿಯ ಲೆಕ್ಕದಲ್ಲೂ ನೋಡಿದೆ. ನೂರಕ್ಕೆ ಏಳರ ಬಡ್ಡಿಯಂತೆ 2 ಲಕ್ಷ 57 ಸಾವಿರದ ಗಂಟು ಒಬ್ಬ ವ್ಯಕ್ತಿಯ ಒಂದು ವರ್ಷದ ಬೆಂಬಲವನ್ನು ಹೆಚ್ಚುಕಡಿಮೆ ಪ್ರತಿ ವರ್ಷವೂ ಹೊರುತ್ತದೆ. ಬೆಲೆ ಏರಿದಂತೆ ಗಂಟು ಸವೆಯುತ್ತದೆ ನಿಜ, ಅದಕ್ಕೆ ಆಗಾಗ ಕೈ ಸೇರಿಸಬೇಕು. ನಮ್ಮೂರುಗಳಲ್ಲಿ ಚಿನ್ನದ ಪದಕಕ್ಕೆ, ಗ್ರಂಥ ಬಹುಮಾನಕ್ಕೆ, ಉಪನ್ಯಾಸಕ್ಕೆ ದತ್ತಿ ಇಡುವ ಹಿರಿಯರು ಬಹಳ ಇದ್ದಾರೆ. ಅವರಲ್ಲಿ ಒಬ್ಬರಾದರೂ ಇದನ್ನು ಯೋಚಿಸಲಿ ಎಂದು ಕೈಮುಗಿದು ಕೇಳುತ್ತೇನೆ.

ದತ್ತಿ ಸರ್ಕಾರದ ಬದಲಿಗೆ ನಿಲ್ಲಬಾರದು. ದಾನಿಗಳು ಇರುವ ಊರಿನಲ್ಲಿ ಬೆಂಬಲ, ಇಲ್ಲದ ಊರಿನಲ್ಲಿ ಇಲ್ಲ ಎಂದಾದರೆ ಕಲಬುರಗಿಯ, ಯಾದಗಿರಿಯ ಹಳ್ಳಿಗಳಿಗೆ ಏನೂ ಉಳಿಯುವುದಿಲ್ಲ. ಅಲ್ಲಿಗೆ ತಲುಪುವ ಒಂದು ಹಣ ಈಗಾಗಲೇ ಇದೆ. ನಮ್ಮ ರಾಜ್ಯದ ಪಂಚಾಯಿತಿ, ಪುರಸಭೆಗಳು ತಮ್ಮ ನಿಧಿಯ ಶೇಕಡಾ 5ನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ವರ್ಷ ಬಂದ ಹಾಗೆ ಬರುವ ಹಣ, ಗಡುವಿಲ್ಲದ ಹಣ. ತ್ರಿಚಕ್ರ ವಾಹನ, ಶ್ರವಣಯಂತ್ರ, ಗಾಲಿಕುರ್ಚಿ ಕೊಡುತ್ತಾರೆ, ಕೊಡಲೇಬೇಕು. ಮನೋರೋಗವಿದ್ದವರಿಗೆ ಏನು ಕೊಡುವುದೆಂದು ಸಭೆಯಲ್ಲಿ ಯಾರಿಗೂ ತೋಚುವುದಿಲ್ಲ, ಏಕೆಂದರೆ ಅವರಿಗೆ ಬೇಕಾದದ್ದು ವಸ್ತುವಲ್ಲ, ಮನುಷ್ಯ. ಪ್ರತಿ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿಗೆ ವಿವಿಧೋದ್ದೇಶ ಕಾರ್ಯಕರ್ತರನ್ನು ಇಟ್ಟುಕೊಂಡಿರುವ ರಾಜ್ಯ ನಮ್ಮದು. ಅವರು ಸ್ವತಃ ಅಂಗವಿಕಲರು, ಗೌರವಧನಕ್ಕೆ ದುಡಿಯುವವರು. ದಾವಣಗೆರೆ ಜಿಲ್ಲೆಯ ಜಗಳೂರಿನಲ್ಲಿ ನಿಮ್ಹಾನ್ಸ್ ಇಂಥ ಕಾರ್ಯಕರ್ತರನ್ನೂ ಆಶಾ ಕಾರ್ಯಕರ್ತೆಯರನ್ನೂ ಜೊತೆಗಿಟ್ಟುಕೊಂಡು ಮನೋರೋಗವಿದ್ದವರ ಪುನರ್ವಸತಿ ಮಾಡಿ ತೋರಿಸಿದೆ. ನರೇಗಾದಲ್ಲಿ ಅಂಗವಿಕಲರು ಅರ್ಧ ಪ್ರಮಾಣದ ಕೆಲಸ ಮಾಡಿದರೂ ಪೂರ್ತಿ ಕೂಲಿ ಎಂಬ ರಿಯಾಯಿತಿಯನ್ನು ನಮ್ಮ ರಾಜ್ಯ ಕೊಟ್ಟಿತ್ತು. ಕಾರ್ಡು ಮಾಡಿಸಿ, ಮೇಟಿಯ ಹತ್ತಿರ ಮಾತಾಡಿ, ಮೊದಲ ವಾರ ಜೊತೆಗೆ ಹೋಗಿ ನಿಲ್ಲುವವರು ಇದ್ದ ಕಡೆ ಮಾತ್ರ ಅಂಥ ರಿಯಾಯಿತಿ ನಮ್ಮವರ ಕೈಗೆ ಬರುತ್ತದೆ.

ಹಣ ಕೊಡುವ ರೀತಿಯ ಬಗ್ಗೆ ಒಂದು ಎಚ್ಚರಿಕೆ ಬೇಕು. ಇಷ್ಟು ಜನರಿಗೆ ಕೆಲಸ ಕೊಡಿಸಿದರೆ ಇಷ್ಟು ಹಣ ಎಂದು ಫಲಕ್ಕೆ ತಕ್ಕಂತೆ ಪಾವತಿಸುವ ಪದ್ಧತಿಯನ್ನು ಅಮೆರಿಕದ ಒಕ್ಲಹೋಮ ರಾಜ್ಯ 1990ರ ದಶಕದಲ್ಲಿ ತಂದಿತು. ಗಂಟೆ ಎಣಿಸುವ ಬದಲು ಮೆಟ್ಟಿಲು ಎಣಿಸುವುದು. ಅದರಿಂದ ಸಂಸ್ಥೆಗಳು ಚುರುಕಾಗುತ್ತವೆ, ನಿಜ. ಆದರೆ ಹಾಗೆ ಕೊಟ್ಟಾಗ ಸಂಸ್ಥೆಗಳ ಕಣ್ಣು ಸಲೀಸಾಗಿ ಕೆಲಸಕ್ಕೆ ನಿಲ್ಲುವವರ ಮೇಲೆ ಬೀಳುತ್ತದೆ. ಪದೇ ಪದೇ ವಾರ್ಡಿಗೆ ಹೋಗುವವನು, ಕ್ಲೋಜಪೈನ್ ಎಂಬ ಮಾತ್ರೆ ಶುರುವಾಗಿ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆಗೆ ರಜೆ ಕೇಳಬೇಕಾದವನು ಪಟ್ಟಿಯ ಕೊನೆಗೆ ಜಾರುತ್ತಾನೆ. ಕಷ್ಟದವರಿಗೆ ಹೆಚ್ಚು ಹಣ, ಒಂದು ವರ್ಷ ಮತ್ತು ಮೂರು ವರ್ಷ ನಿಂತದ್ದಕ್ಕೆ ಬೇರೆ ಬೇರೆ ಹಣ, ಜೊತೆಗಾರನ ಸಂಬಳಕ್ಕೆ ಮಾತ್ರ ಫಲದ ಷರತ್ತಿಲ್ಲ. ನನ್ನ ಒಲವು ಹೀಗೆ.

ಮಾಸಾಶನದ ಭಯವನ್ನೂ ಹೇಳದೆ ಮುಗಿಸಲಾರೆ. ಅಂಗವಿಕಲರ ಮಾಸಾಶನಕ್ಕೆ ಕುಟುಂಬದ ಆದಾಯದ ಮಿತಿಯಿದೆ. ಕೆಲಸಕ್ಕೆ ಹೋದರೆ ಅದು ನಿಂತೀತು, ಕೆಲಸ ಹೋದರೆ ಮತ್ತೆ ಅರ್ಜಿ ಹಾಕಲು ಎಷ್ಟು ಸಲ ಅಲೆಯಬೇಕೋ ಎಂದು ಮನೆಯವರೇ ಮಗನನ್ನು ತಡೆಯುತ್ತಾರೆ. ಅವರನ್ನು ದೂರಲಾರೆ. ಏರಿಳಿಯುವ ಕಾಯಿಲೆಗೆ ಸ್ಥಿರವಾದ ಒಂದು ಚಿಕ್ಕ ಮೊತ್ತ ಎಷ್ಟು ದೊಡ್ಡ ಆಸರೆ ಎಂಬುದು ಅವರಿಗೆ ಗೊತ್ತು. ಮನೋರೋಗವಿದ್ದವರು ದುಡಿಯತೊಡಗಿದ ಮೊದಲ ಎರಡು ವರ್ಷ ಮಾಸಾಶನವನ್ನು ಮುಟ್ಟುವುದಿಲ್ಲ ಎಂದು ಒಂದು ಆದೇಶ ಬಂದರೆ, ನೂರು ತರಬೇತಿ ಶಿಬಿರಗಳಿಂದ ಆಗದಷ್ಟು ಜನ ಹೊಸ್ತಿಲು ದಾಟುತ್ತಾರೆ ಎಂದು ನಾನು ನಂಬಿದ್ದೇನೆ.

ಹೋದ ವಾರ ಆ ಮುದ್ರಣಾಲಯಕ್ಕೆ ಹೋಗಿದ್ದೆ. ಮಾಲೀಕರು ಚಹಾ ತರಿಸಿದರು. ಒಳಗೆ ಅವನು ಫಾರಂ ಮಡಚುತ್ತಿದ್ದ, ಮೂಳೆಯ ಕಡ್ಡಿಯಿಂದ ಮಡಿಕೆಯನ್ನು ಒತ್ತುತ್ತ, ತಲೆ ಎತ್ತಲಿಲ್ಲ. ಮಾಲೀಕರು ದನಿ ತಗ್ಗಿಸಿ ಹೇಳಿದರು: ‘ಅವರವ್ವಗ ಎಪ್ಪತ್ತೊಂದಾತು. ಮೊನ್ನೆ ಕಟ್ಟಿ ಇಳಿಬೇಕಾದ್ರ ಕಾಲು ಹೊಳ್ಳಿತು. ಅವರು ಇಲ್ಲದ ದಿನ ನಾ ಯಾರಿಗೆ ಫೋನ್ ಮಾಡ್ಲಿ?’ ಅವರ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಕಾಗದದ ಅಂಗಡಿ, ಮಸಿಯವನು, ಕರೆಂಟಿನವನು ಎಂದು ನಂಬರುಗಳ ಸಾಲಿದೆ. ಅದರ ಕೆಳಗೆ ನನ್ನ ನಂಬರು ಬರೆದುಕೊಟ್ಟೆ. ಮುಂದಿನ ಮಾರ್ಚಿಗೆ ನಾನೂ ನಿವೃತ್ತನಾಗುತ್ತೇನೆ, ಅದನ್ನೂ ಅವರಿಗೆ ಹೇಳಿದೆ. ಅವರು ಪೆನ್ನು ತೆಗೆದುಕೊಂಡು ನನ್ನ ನಂಬರಿನ ಕೆಳಗೆ ಒಂದು ಗೆರೆ ಎಳೆದು, ಅದರ ಕೆಳಗಿನ ಸಾಲನ್ನು ಖಾಲಿ ಬಿಟ್ಟರು.